ಮೇಷ್ಟರ ನಲ್ಲಿಗೆ ಹತ್ತಿದ ಬೆಂಕಿ

ವೆಂಡೆಲ್ ಪ್ರೊಕಾಪ್‌ನ ಕೊಳವೆಬಾವಿಯ ನೀರು ಕೆಂಪಗಾಗಿದೆ ಎಂಬುದನ್ನು ಯಾರೂ ಅಲ್ಲಗಳೆದಿರಲಿಲ್ಲ. ಅವನ ಕಷ್ಟವೇ ಅದು. ಹಿಂದಿನ ಬೆಟ್ಟದಲ್ಲಿ ಕಂಪನಿಯವರು ಗ್ಯಾಸಿಗಾಗಿ ಕೊರೆದು, ನೀರು, ಮರಳು, ರಾಸಾಯನಿಕ ನುಗ್ಗಿಸಿ ಆಳದ ಬಂಡೆ ಒಡೆದ ಮೇಲೆ ಹೀಗಾಯಿತು ಎಂದು ಅವನು ಹೇಳುತ್ತಿದ್ದ. ಮಳೆ ಜಾಸ್ತಿಯಾಗಿ ಹೀಗಾಯಿತು ಎಂದು ಕಂಪನಿ ಹೇಳುತ್ತಿತ್ತು. ಪರೀಕ್ಷೆ ಮಾಡಿಸಿದ ರಾಜ್ಯ ಸರ್ಕಾರ ‘ಮಿತಿಯೊಳಗಿದೆ’ ಎಂದು ಬರೆದು ಕಳಿಸಿತು. ಹೆಂಡತಿ ಲೊರೆಟಾಳ ಮೊಣಕೈವರೆಗೆ ಎದ್ದಿದ್ದ ಗುಳ್ಳೆಗಳಿಗೆ ಮಿತಿ ಯಾವುದೆಂದು ಯಾರೂ ಬರೆದಿರಲಿಲ್ಲ.

ಪೆನ್ಸಿಲ್ವೇನಿಯಾದ ಆ ಊರಿನಲ್ಲಿ ಅಹವಾಲು ಸಭೆಗಳಿಗೇನೂ ಬರವಿರಲಿಲ್ಲ. ಅಗ್ನಿಶಾಮಕ ಠಾಣೆಯ ಹಜಾರದಲ್ಲಿ ಗ್ಯಾಸ್ ಬೇಕೆನ್ನುವವರು ಒಂದು ಪಕ್ಕ, ಬೇಡವೆನ್ನುವವರು ಇನ್ನೊಂದು ಪಕ್ಕ. ಹಿಂದಿನ ಮೇಜಿನ ಮೇಲೆ ಸೇಬಿನ ಪೈ ಬಂದಾಗ ಮಾತ್ರ ಎಲ್ಲರೂ ಒಂದೇ ಸಾಲು. ಕಳೆದ ಸಭೆಯಲ್ಲಿ ವೆಂಡೆಲ್ ತನ್ನ ಮನೆಯ ನೀರನ್ನು ಬಾಟಲಿಯಲ್ಲಿ ಎತ್ತಿ ತೋರಿಸಿದ್ದ. ಕಂಪನಿಗೆ ಹೊಲ ಗುತ್ತಿಗೆ ಕೊಟ್ಟಿದ್ದ ಕ್ಲೈಡ್ ಯೋಸ್ಟ್, ವೆಂಡೆಲ್‌ನದೇ ಹಳೆಯ ಶಿಷ್ಯ, ಕೂತಲ್ಲಿಂದಲೇ ಹೇಳಿದ:

“ಬಿಡಿ ಮೇಷ್ಟ್ರೇ, ಕಾಫಿಪುಡಿ ಖರ್ಚು ಉಳೀತಲ್ಲ.”

ಎರಡೂ ಪಕ್ಕದವರು ನಕ್ಕರು. ಊರು ಒಗ್ಗಟ್ಟಾಗಿದ್ದು ಆವತ್ತೇ.

ಸಭೆ ಮುಗಿದ ಮೇಲೆ ಸರ್ಕಾರಿ ತನಿಖಾಧಿಕಾರಿ ಓಡ್ರಿ ಟಿಂಜ್ಲಿ ಅವನ ಪಕ್ಕ ಬಂದು ನಿಂತಿದ್ದಳು. “ನಂಗೂ ಕಂಪನಿ ಮೇಲೇ ಅನುಮಾನ, ಸಾರ್. ಆದ್ರೆ ಅನುಮಾನ ಇಟ್ಕೊಂಡು ನೋಟಿಸ್ ಕೊಡಕ್ಕಾಗಲ್ಲ. ನೀರಲ್ಲಿ ಗ್ಯಾಸ್ ಸಿಕ್ಕಿದ್ರೆ ಮಾತು ಬೇರೆ.”

ಗ್ಯಾಸು ತಾನೇ. ಮನೆಗೆ ಹೋಗುವ ದಾರಿಯಲ್ಲೇ ಅವನು ಅದನ್ನು ಅರ್ಧ ಯೋಚಿಸಿ ಮುಗಿಸಿದ್ದ.

ಬದುಕಿಡೀ ಹೈಸ್ಕೂಲಿನಲ್ಲಿ ಪೌರನೀತಿ ಕಲಿಸಿದವನು. ಕೊರೆಯುವ ಕಾಯಿದೆಯನ್ನು ಅಡಿಟಿಪ್ಪಣಿ ಸಮೇತ ಓದಿದ್ದ. ಬೇರೆ ಕಡೆ ತಮ್ಮ ನೀರಿಗೆ ತಾವೇ ಗ್ಯಾಸು ಸೇರಿಸಿ ಸಿಕ್ಕಿಬಿದ್ದವರ ಕತೆಗಳನ್ನೂ ಓದಿದ್ದ. ಅವರೆಲ್ಲ ಸಿಲಿಂಡರಿನ ಗ್ಯಾಸು ಬಿಟ್ಟು ಕೆಟ್ಟವರು. ಅದು ಬೇರೆ ಜಾತಿಯದು, ಪ್ರಯೋಗಾಲಯದಲ್ಲಿ ನಿಮಿಷ ನಿಲ್ಲುವುದಿಲ್ಲ. ಆದರೆ ಕಂಪನಿಯೇ ಊರಿನ ಬಾಯಿ ಮುಚ್ಚಿಸಲು ಮನೆಮನೆಗೆ ಕೊಳವೆ ಎಳೆದು ಇದೇ ಬೆಟ್ಟದ ಗ್ಯಾಸನ್ನು ಅಡುಗೆಗೆ ಕೊಟ್ಟಿತ್ತಲ್ಲ. ಬಂಡೆಯಿಂದ ಹೊರಟಿದ್ದು ಒಲೆಗೆ ಬಂದಿದೆ. ಒಲೆಯಿಂದ ನಲ್ಲಿಗೆ ಬಂದರೆ ಯಾವ ಯಂತ್ರ ತಾನೇ ಭೇದ ಹೇಳೀತು? ಅವನ ಪ್ರಕಾರ ಅದು ಸುಳ್ಳೂ ಅಲ್ಲ. ಸತ್ಯವೇ, ಸ್ವಲ್ಪ ಸುತ್ತು ಬಳಸಿ ಬರುತ್ತಿತ್ತು.

ಲೊರೆಟಾಳನ್ನು ಸ್ಕ್ರಾಂಟನ್ ಪಟ್ಟಣದಲ್ಲಿದ್ದ ಅವಳ ತಂಗಿಯ ಮನೆಗೆ ಕಳಿಸಿದ. “ನಾನಿಲ್ದಾಗ ಏನಾದ್ರೂ ದೊಡ್ಡಸ್ತಿಕೆ ಮಾಡಕ್ಕೆ ಹೋಗ್ಬೇಡಿ,” ಎಂದು ಅವಳು ಕಾರು ಹತ್ತಿದಳು. “ಈ ವಯಸ್ಸಲ್ಲಿ ಇನ್ನೇನು ದೊಡ್ಡಸ್ತಿಕೆ,” ಎಂದ.

ನೀರಿನ ಕೊಳವೆಗಳನ್ನು ಬರಿದು ಮಾಡಿ, ನೆಲಮಾಳಿಗೆಯಲ್ಲಿ ಒಲೆಯ ಕೊಳವೆಯಿಂದ ಅವಕ್ಕೆ ರಬ್ಬರ್ ಪೈಪು ಜೋಡಿಸಿ, ಗ್ಯಾಸು ತುಂಬಿಸಿದ. ಪೈಪನ್ನು ಪಕ್ಕದೂರಿನ ಅಂಗಡಿಯಲ್ಲಿ ಕೊಂಡಿದ್ದ, ಕೆಲಸವಾದ ಮೇಲೆ ಸುಟ್ಟೂ ಹಾಕಿದ. ಮೊಣಕಾಲು ನೋಯುತ್ತಿತ್ತು. ಅಪರಾಧವೆಂದರೆ ಇಷ್ಟೊಂದು ಬಗ್ಗಿ ಏಳುವ ಕೆಲಸವೆಂದು ಅವನು ಎಲ್ಲೂ ಓದಿರಲಿಲ್ಲ. ಆಮೇಲೆ ಮುಖ ತೊಳೆದು ಓಡ್ರಿಗೆ ಫೋನ್ ಮಾಡಿದ.

ಅವಳು ತಡಮಾಡದೆ ಬಂದಳು. ಅವನು ಕಡ್ಡಿ ಗೀರಿ ಅಡುಗೆಮನೆಯ ನಲ್ಲಿ ತಿರುಗಿಸಿದ. ನಲ್ಲಿ ಕೆಮ್ಮಿತು, ಬುಸ್ಸೆಂದಿತು, ನೀಲಿ ಜ್ವಾಲೆ ಭಗ್ಗನೆದ್ದಿತು. ಓಡ್ರಿ ಎರಡು ಹೆಜ್ಜೆ ಹಿಂದೆ ಸರಿದು, “ಅಯ್ಯೋ ದೇವ್ರೇ. ಈಗ ಅವ್ರು ಸಿಕ್ಕಿಬಿದ್ರು ಸಾರ್,” ಎಂದಳು. ಎಷ್ಟೋ ಕಾಲದ ಮೇಲೆ ಅವನ ಮಾತನ್ನು ಒಬ್ಬರು ನಂಬಿದ್ದರು. ವೆಂಡೆಲ್ ಕುರ್ಚಿ ಎಳೆದುಕೊಂಡು ಕೂತ.

ಜ್ವಾಲೆ ಆರಿ, ಹಿಂದೆಯೇ ಬಾವಿಯ ಕೆಂಪು ನೀರು ಬರತೊಡಗಿತು. ಸೀಸೆ ಹಿಡಿದು ಬಗ್ಗಿದ ಓಡ್ರಿ ಹಾಗೇ ನಿಂತು ಮೂಗೆಳೆದಳು, ಇನ್ನೊಮ್ಮೆ ಎಳೆದಳು. “ಕೊಳೆತ ಮೊಟ್ಟೆ ಥರ ಅಲ್ವಾ? ಗ್ಯಾಸಿನ ವಾಸ್ನೆ,” ಎಂದು ಅವನು ಉತ್ಸಾಹದಿಂದ ನೆರವಾದ. ಅವಳು ಸೊಂಟ ನೇರ ಮಾಡಿ ಅವನತ್ತ ತಿರುಗಿದಳು. “ಈ ಬೆಟ್ಟದ ಗ್ಯಾಸಿಗೆ ವಾಸ್ನೆನೇ ಇಲ್ಲ, ಸಾರ್,” ಎಂದಳು. “ಸೋರಿದ್ರೆ ಜನಕ್ಕೆ ಗೊತ್ತಾಗ್ಲಿ ಅಂತ, ಮನೆಗಳಿಗೆ ಬಿಡೋ ಮುಂಚೆ ಕಂಪನಿಯವ್ರು ಈ ವಾಸ್ನೆ ಬೆರೆಸೋ ಹಾಗೆ ನಾವೇ ನಿಯಮ ಮಾಡಿರೋದು.” ಸೀಸೆ ಖಾಲಿಯೇ ಇತ್ತು. ಅವಳು ಅದರ ಮುಚ್ಚಳ ತಿರುಗಿಸಿ ಚೀಲಕ್ಕೆ ಹಾಕಿಕೊಂಡು, ಕೆಂಪು ನೀರಿನತ್ತ ನೋಡದೆ ನಲ್ಲಿ ನಿಲ್ಲಿಸಿದಳು.