ನಾಲ್ಕು ಬಾಡಿಗೆದಾರರು, ಒಂದೇ ಬೆಕ್ಕು

“ಫೈಲ್ ಕೊಡಿ ಅಕ್ಕಾ, ಕಾಲು ಬಿಡ್ತೀನಿ!”

ಉತ್ತರ ಕೊಡೋಣವೆಂದರೆ ಬಾಯಿ ಖಾಲಿ ಇರಲಿಲ್ಲ. ಫೈಲನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದೆ!

ನನ್ನ ಅರ್ಧ ದೇಹ ಕಿಟಕಿಯ ಹೊರಗೆ. ಇನ್ನರ್ಧ ಬಾಡಿಗೆ ಏಜೆಂಟನ ಆಫೀಸಿನ ಬಾತ್‌ರೂಮಿನ ಒಳಗೆ. ಒಳಗಿದ್ದ ಅರ್ಧದಲ್ಲಿ ಎಡಗಾಲು ಒಂದು ಭಾರಿ ಕೈಗೆ ಸಿಕ್ಕಿಬಿದ್ದಿತ್ತು. ಹೊರಗೆ, ಆರಡಿ ಕೆಳಗೆ, ರಟ್ಟಿನ ಡಬ್ಬಗಳ ರಾಶಿ.

ಐವತ್ತೆಂಟು ವರ್ಷದ ಹೆಂಗಸು ಮಟಮಟ ಮಧ್ಯಾಹ್ನ ಮಾಡುವ ಕೆಲಸವೇ ಇದು?

ಕಾಲು ಜಾಡಿಸಿದೆ. ಚಪ್ಪಲಿ ಅವನ ಕೈಯಲ್ಲೇ ಉಳಿಯಿತು. ನಾನು ಡಬ್ಬಗಳ ಮೇಲೆ ದೊಪ್ಪನೆ ಬಿದ್ದೆ!

ಗಡಿಯಾರ ನೋಡಿದೆ. ಮೂರೂಕಾಲು. ಐದು ಗಂಟೆಗೆ ಒಬ್ಬ ಹೆಣ್ಣುಮಗಳ ಮನೆಗೆ ಬೀಗ ಬೀಳಲಿತ್ತು.

ಓಡಿದೆ...

ಓಡುತ್ತಲೇ ಹೇಳುತ್ತೇನೆ, ಕೇಳಿ. ಇಪ್ಪತ್ತೆರಡು ವರ್ಷ ಕೋರ್ಟಿನ ಸಮನ್ಸುಗಳನ್ನು ಮನೆಮನೆಗೆ ತಲುಪಿಸಿದವಳು ನಾನು. ಅಟ್ಟದಲ್ಲಿ ಅಡಗಿದವರು, ಮಂಚದಡಿ ನುಸುಳಿದವರು, ‘ನಾನವನಲ್ಲ, ಅವನ ತಮ್ಮ’ ಎಂದವರು... ಎಲ್ಲರ ಕೈಗೂ ಕಾಗದ ಇಟ್ಟು ಸಹಿ ಹಾಕಿಸಿಕೊಂಡು ಬಂದಿದ್ದೇನೆ. ಊರಿಗೆಲ್ಲ ನಾನು ಸಮನ್ಸಕ್ಕ. ಈಗ ರಿಟೈರ್ಡ್. ಜನರ ಸಿಕ್ಕು ಬಿಡಿಸಿಕೊಟ್ಟು ಹೊಟ್ಟೆ ಹೊರೆಯುತ್ತೇನೆ.

ಅವತ್ತು ಬೆಳಿಗ್ಗೆ ಟೈಲರಮ್ಮ ಬಂದಿದ್ದಳು. ಕುತ್ತಿಗೆಯಲ್ಲಿ ಅಳತೆಯ ಟೇಪು. ಕೈಯಲ್ಲಿ ಬಾಗಿಲಿಗೆ ಅಂಟಿಸಿದ್ದ ನೋಟಿಸು.

“ಹನ್ನೊಂದು ತಿಂಗಳಿಗೊಂದು ಸಲ ರಿನ್ಯೂವಲ್ ಫೀ ಕಟ್ಟಿದೀನಿ ಅಕ್ಕಾ. ಫಾರಂ ಫೀ, ಕೀ ಫೀ, ವಿಚಾರಣೆ ಫೀ. ಬೆಕ್ಕಿಗೂ ಕಟ್ಟಿದೀನಿ!”

“ಬೆಕ್ಕಿಗಾ?”

“ಅನುಮತಿ ಶುಲ್ಕವಂತೆ. ಈ ಸಲ ಎಲ್ಲಾ ಡಬಲ್ ಮಾಡಿದಾನೆ. ಇವತ್ತು ಐದರೊಳಗೆ ಕಟ್ಟದಿದ್ರೆ ಬೀಗ. ನನ್ನ ಮೆಷಿನ್ ಒಳಗಿದೆ. ನಾಳೆ ಎಂಟಕ್ಕೆ ಶಾಲೆಗೆ ಇನ್ನೂರ ನಲವತ್ತು ಅಂಗಿ ಕೊಡ್ಬೇಕು. ಕೊಡದಿದ್ರೆ ಆ ಕೆಲಸ ಬೇರೆಯವರಿಗೆ ಹೋಗುತ್ತೆ... ಆಮೇಲೆ ನಾನು ಎಲ್ಲಿಗೆ ಹೋಗ್ಲಿ?”

“ಮನೆ ಮಾಲೀಕರಿಗೆ ಹೇಳು.”

“ಅವರ ಮುಖಾನೇ ನೋಡಿಲ್ಲ. ಬಾಡಿಗೇನೂ ಏಜೆಂಟ್ ಕೈಗೇ ಕೊಡೋದು. ಮಾಲೀಕರಿಗೆ ಕೋಪ ಜಾಸ್ತಿಯಂತೆ. ಮನೇಲಿ ಬಂದೂಕು ಇದೆಯಂತೆ!”

ಇಷ್ಟು ಹೇಳಿ ಅವಳು ಕಣ್ಣೊರೆಸಿಕೊಂಡಳು. ಹಾಗೆಯೇ ನನ್ನ ರವಿಕೆಯ ತೋಳಿನಲ್ಲಿ ಬಿಟ್ಟುಹೋಗಿದ್ದ ಹೊಲಿಗೆ ನೋಡಿದಳು. ನಿಂತಲ್ಲೇ ಸೂಜಿ ತೆಗೆದು ಎರಡು ಹೊಲಿಗೆ ಹಾಕಿದಳು. ಮನೆ ಕಳೆದುಕೊಳ್ಳುವ ದಿನ ಬೇರೆಯವರ ತೋಳು ನೋಡುವ ಹೆಂಗಸು!

ಕೇಸು ಹಿಡಿದುಬಿಟ್ಟೆ.

ಏಜೆಂಟನ ಅಡ್ಡಹೆಸರು ಸೇವಾಶುಲ್ಕ. ಸದಾ ನಗುಮುಖ. ಅವನ ಎದುರು ಕೂತು ಸೀದಾ ಕೇಳಿದೆ.

“ಮಾಲೀಕರ ಅಡ್ರೆಸ್ ಬೇಕಿತ್ತು.”

“ಮಾಲೀಕರೂ ಬಾಡಿಗೆಯವರೂ ಭೇಟಿ ಆಗೋದು ನಮ್ಮಲ್ಲಿ ಪದ್ಧತಿ ಇಲ್ಲ ಸಮನ್ಸಕ್ಕ. ಜಗಳ ಆಗುತ್ತೆ. ಅದನ್ನ ತಪ್ಪಿಸೋದೇ ನಮ್ಮ ಸರ್ವೀಸು.”

“ಸುಮ್ನೆ ಕೇಳಿದೆ.”

“ಸುಮ್ನೆ ಕೇಳೋದಕ್ಕೂ ವಿಚಾರಣಾ ಶುಲ್ಕ ಇದೆ.” ಗೋಡೆಯ ಮೇಲಿನ ಪಟ್ಟಿ ತೋರಿಸಿದ. ಸುಳ್ಳಲ್ಲ, ಇತ್ತು! ಒಂಬತ್ತನೆಯ ಸಾಲು!

“ಬಾತ್‌ರೂಮಿಗೆ?”

“ಅದು ಫ್ರೀ,” ಎಂದು ನಕ್ಕ.

ಅದೊಂದೇ ಅವನು ಅವತ್ತು ಮಾಡಿದ ದಾನ. ಬಾತ್‌ರೂಮಿನ ದಾರಿಯಲ್ಲೇ ಫೈಲುಗಳ ಕಪಾಟು. ಟೈಲರಮ್ಮನ ಮನೆ ನಂಬರಿನ ಫೈಲು ಕಣ್ಣಿಗೆ ಬಿತ್ತು... ಮುಂದಿನದು ನಿಮಗೆ ಗೊತ್ತು.

ಹಿಂದೆ ಧಡಧಡ ಹೆಜ್ಜೆಯ ಸದ್ದು!

ಏಜೆಂಟನ ಆಳು. ಆರಡಿ ಎತ್ತರ, ಬಾಗಿಲಗಲ ಎದೆ. ಬಾಡಿಗೆ ಬಾಕಿಯಿದ್ದವರ ಮನೆಗೆ ಬೀಗ ಜಡಿಯುವವನು. ಆದ್ದರಿಂದ ಅವನ ಹೆಸರೂ ಬೀಗ.

ಲಾಂಡ್ರಿ ಗಲ್ಲಿಗೆ ನುಗ್ಗಿದೆ. ಒಣಗಲು ಹಾಕಿದ ಬಿಳಿ ಹಾಸಿಗೆ ಬಟ್ಟೆಗಳು. ಎಡಕ್ಕೆ ತಿರುಗಿದೆ, ಬಲಕ್ಕೆ ತಿರುಗಿದೆ. ಬಟ್ಟೆಗಳ ನಡುವೆ ಅವನ ನೆರಳು!

“ನಿಲ್ಲಿ ಅಕ್ಕಾ!”

ನಿಲ್ಲುವುದೇ? ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು. ಕುಂಟುತ್ತ ಓಡಿ ಹೊರಡುತ್ತಿದ್ದ ಬಸ್ಸು ಹತ್ತಿದೆ. ಸೀಟು ಹಿಡಿದು ಉಸಿರು ಬಿಟ್ಟೆ.

ಪಕ್ಕದ ಸೀಟು ಕಿರ್ರೆಂದಿತು.

ಬೀಗ!

ಅವನ ಕೈ ಜೇಬಿಗೆ ಹೋಯಿತು. ನಾನು ಫೈಲನ್ನು ಎದೆಗೆ ಅವಚಿಕೊಂಡೆ. ಕೈ ಹೊರಗೆ ಬಂದಾಗ ಅದರಲ್ಲಿ ಇದ್ದದ್ದು... ನನ್ನ ಚಪ್ಪಲಿ!

“ಎಷ್ಟು ಸಲ ಕೂಗ್ದೆ! ಗಲ್ಲೀಲಿ ಗಾಜು ಬಿದ್ದಿತ್ತು. ಕಾಲಿಗೇನಾದ್ರೂ ಆಯ್ತಾ?”

ನಾನು ಬೇಕಾದಷ್ಟು ರೌಡಿಗಳನ್ನು ಕಂಡವಳು. ಬಗ್ಗಿ ಪಾದ ನೋಡಿದ ರೌಡಿಯನ್ನು ಅಂದೇ ಮೊದಲು ನೋಡಿದ್ದು.

“ಏನೂ ಆಗಿಲ್ಲ ಕಣಪ್ಪ.”

“ಸರಿ. ಈಗ ಫೈಲ್ ಕೊಡಿ.”

“ಕೊಡ್ತೀನಿ. ಮೊದಲು ಒಂದು ಸಲ ನೋಡೋಣ, ಇಬ್ರೂ.”

ಫೈಲು ಬಿಚ್ಚಿದೆ. ಮೇಲೆಯೇ ಮಾಲೀಕರ ವಿಳಾಸ. ಬೆಟ್ಟ ದಾಟಬೇಕೇನೋ ಅಂದುಕೊಂಡಿದ್ದೆ, ಇದೇ ಬಸ್ಸಿನಲ್ಲಿ ಬರೀ ನಾಲ್ಕು ಸ್ಟಾಪು! ಅದರ ಕೆಳಗೆ ನಾಲ್ಕು ಬಾಡಿಗೆ ಕರಾರು. ನಾಲ್ಕರಲ್ಲೂ ಬೇರೆ ಬೇರೆ ಬಾಡಿಗೆದಾರರ ಹೆಸರು. ಟೈಲರಮ್ಮನ ಹೆಸರು ಎಲ್ಲೂ ಇಲ್ಲ!

ಕರಾರಿಗೊಂದರಂತೆ ತಪಾಸಣೆ ವರದಿ, ವರದಿಗೊಂದು ಫೋಟೋ. ಅಡಿಗೆಮನೆಯ ಕಿಟಕಿಕಟ್ಟೆ. ಅದರ ಮೇಲೆ ಒಂದು ಬೂದು ಬೆಕ್ಕು.

ಬೀಗ ಮುಂದಕ್ಕೆ ಬಾಗಿದ. “ಅರೆ! ಹರಿದ ಕಿವಿ! ಟೈಲರಮ್ಮನ ಬೆಕ್ಕು. ಇದಕ್ಕೆ ದಿನಾ ನಾನೇ ಬನ್ನು ಹಾಕೋದು.”

ಎರಡನೆಯ ಫೋಟೋ. ಹರಿದ ಕಿವಿ. ಮೂರನೆಯದು, ನಾಲ್ಕನೆಯದು... ಅದೇ ಹರಿದ ಕಿವಿ!

“ನಾಲ್ಕು ಸಂಸಾರ ಬಂದು ಹೋಯ್ತಂತೆ. ಬೆಕ್ಕು ಮಾತ್ರ ಒಂದೇನಾ?” ಎಂದೆ.

“ಆ ಮನೆಗೆ ಬೇರೆ ಯಾರೂ ಬಂದೇ ಇಲ್ಲ ಅಕ್ಕಾ. ಟೈಲರಮ್ಮ ಒಬ್ರೇ...” ಬೀಗ ಫೈಲು ಮುಚ್ಚಿ ನನ್ನ ಮಡಿಲಿಗೇ ತಳ್ಳಿದ. “ನಾನು ನಿಮ್ಮನ್ನ ಹಿಡೀಲಿಲ್ಲ. ಬಸ್ ತಪ್ಪಿತು. ಆದ್ರೆ ಐದಕ್ಕೆ ಬೀಗ ಹಾಕ್ಲೇಬೇಕು. ಹೊಟ್ಟೆಪಾಡು. ನಾನಿರೋ ರೂಮೂ ಅವನದೇ.”

ಮುಂದಿನ ಸ್ಟಾಪಿನಲ್ಲಿ ಇಳಿದುಹೋದ. ಇಳಿಯುವಾಗ ನನ್ನ ಟಿಕೆಟ್ಟನ್ನೂ ಅವನೇ ತೆಗೆಸಿದ್ದ!

ನಾಲ್ಕು ಗಂಟೆ. ಮಾಲೀಕರ ಬಾಗಿಲು ಬಡಿದೆ. ಬಂದೂಕು ನೆನಪಾಗಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತೆ.

ಸರಪಳಿ ಹಾಕಿದ ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು. ಸಂದಿಯಿಂದ ಒಂದು ಕೊಡೆಯ ತುದಿ ಹೊರಬಂದು ನನ್ನ ಹೊಟ್ಟೆಗೆ ತಿವಿಯಿತು!

“ಚಾಕು ಕೆಳಗೆ ಹಾಕು!”

“ಚಾಕು ಎಲ್ಲಿದೆ ತಾಯಿ? ಇದು ಫೈಲು!”

“ನೀನು ನನ್ನ ಮನೇಲಿದ್ದ ಕುಡುಕಿ ಅಲ್ವಾ? ಏಜೆಂಟ್ ಹೇಳಿದಾರೆ. ಬಾಡಿಗೆಯವರು ಯಾರಾದ್ರೂ ಬಂದ್ರೆ ಬಾಗಿಲು ತೆಗೀಬೇಡಿ ಅಂತ!”

ಎಪ್ಪತ್ತು ದಾಟಿದ ರಿಟೈರ್ಡ್ ನರ್ಸಮ್ಮ. ಹಿಡಿದರೆ ಹಿಡಿಯಷ್ಟು. ಬಂದೂಕಿನ ಮಾಲೀಕರು ಇವರೇ! ಆ ಕಡೆಗೊಂದು ಗುಮ್ಮ, ಈ ಕಡೆಗೊಂದು ಗುಮ್ಮ ಮಾಡಿ ನಿಲ್ಲಿಸಿದ್ದ ಪುಣ್ಯಾತ್ಮ.

ಸಂದಿಯಿಂದಲೇ ನಾಲ್ಕು ಫೋಟೋಗಳನ್ನು ಒಳಗೆ ತಳ್ಳಿದೆ.

“ಇದೆಲ್ಲ ನೋಡಿದೀನಿ,” ಎಂದರು. “ವರ್ಷಕ್ಕೊಂದು ಕಳಿಸ್ತಾರೆ. ಬೆಕ್ಕು ಹೊರಹಾಕೋ ಶುಲ್ಕ. ನಾಲ್ಕು ಸಲ ಕಟ್ಟಿದೀನಿ.”

“ನಾಲ್ಕನ್ನೂ ಒಟ್ಟಿಗೆ ನೋಡಿದೀರಾ?”

“ಬೆಕ್ಕನ್ನ ಎಲ್ಲಿ ನೋಡ್ದೆ? ಬಿಲ್ ನೋಡ್ದೆ.”

“ಈಗ ಬೆಕ್ಕು ನೋಡಿ.”

ಒಳಗೆ ಕನ್ನಡಕದ ಡಬ್ಬಿ ಟಕ್ಕೆಂದಿತು. ಆಮೇಲೆ ಸರಪಳಿ ಕಳಚಿತು!

ವ್ಯಾಪಾರ ನೋಡಿ. ಒಬ್ಬಳೇ ಹೆಂಗಸು ಒಂದೇ ಮನೆಯಲ್ಲಿ ನೆಮ್ಮದಿಯಾಗಿ ಇದ್ದಾಳೆ. ಅವಳಿಂದ ರಿನ್ಯೂವಲ್ ಫೀ. ಮಾಲೀಕರಿಗೆ ‘ಅವರು ಓಡಿಹೋದರು, ಹೊಸಬರನ್ನು ಹುಡುಕಿದೆ’ ಎಂದು ಹೇಳಿ ಹುಡುಕಿದ ಫೀ. ಬೆಕ್ಕನ್ನು ಇಟ್ಟುಕೊಳ್ಳಲು ಅವಳಿಂದ, ಹೊರಹಾಕಲು ಇವರಿಂದ. ಉಂಡೂ ಹೋದ, ಕೊಂಡೂ ಹೋದ! ಆದರೆ ಶುಲ್ಕದ ಚಪಲ ಎಷ್ಟೆಂದರೆ, ಬಿಲ್ಲಿಗೆ ಸಾಕ್ಷಿಯೆಂದು ಬೆಕ್ಕಿನ ಫೋಟೋವನ್ನು ತಾನೇ ಕೂರಿಸಿ ತೆಗೆದಿದ್ದ. ಹೊರಹಾಕಿದೆನೆಂದ ಬೆಕ್ಕು ಮರುವರ್ಷ ಅದೇ ಕಟ್ಟೆಯ ಮೇಲೆ ಮೈ ನೆಕ್ಕುತ್ತ ಕೂತಿತ್ತು!

ನರ್ಸಮ್ಮ ದುಡ್ಡಿನ ಮಾತೇ ಎತ್ತಲಿಲ್ಲ. ಕುರ್ಚಿಯಲ್ಲಿ ಕುಸಿದು ಹೇಳಿದರು:

“ನನ್ನ ಮನೇಲಿ ಯಾರೂ ನಿಲ್ಲಲ್ಲ, ಮನೇಲೇ ಏನೋ ದೋಷ ಇರಬೇಕು ಅಂತ ಕೊರಗ್ತಿದ್ದೆ ಕಣೇ. ಹೊಸಬರು ಕತ್ತಲೆ ಮನೆಗೆ ಬರಬಾರದು ಅಂತ ಪ್ರತಿ ಸಲಾನೂ ಏಜೆಂಟ್ ಕೈಲಿ ಹೊಸ ಬಲ್ಬು ಕಳಿಸ್ತಿದ್ದೆ.”

ಬೆಳಿಗ್ಗೆ ಟೈಲರಮ್ಮ ತೋರಿಸಿದ್ದ ರಸೀದಿಗಳಲ್ಲಿ ‘ಬೆಳಕಿನ ಶುಲ್ಕ’ ಎಂಬ ಸಾಲು ಯಾಕಿತ್ತೆಂದು ಆಗ ಅರ್ಥವಾಯಿತು. ಹಲ್ಲು ಕಡಿದೆ.

ಫೋನ್ ರಿಂಗಾಯಿತು. ಸೇವಾಶುಲ್ಕ!

“ಸಮನ್ಸಕ್ಕ... ನಿಮ್ಮ ಮೊಣಕಾಲಿಗೆ ಇನ್ಶೂರೆನ್ಸ್ ಇದ್ಯಾ?”

“ಬೆದರಿಕೆಗೆ ಚಾರ್ಜ್ ಎಷ್ಟು?”

“ಮೊದಲನೇದು ಫ್ರೀ. ಫೈಲ್ ತಂದ್ಕೊಡಿ. ಐದಾದ ಮೇಲೆ ನಿಮ್ಮ ಟೈಲರಮ್ಮ ಬೀದೀಲಿ. ಹೊಸಬರು ಆಗಲೇ ಅಡ್ವಾನ್ಸ್ ಕೊಟ್ಟಾಗಿದೆ.”

ಫೋನ್ ಕಟ್ ಮಾಡಿದೆ. ಐದಾಗಲು ಇಪ್ಪತ್ತೈದೇ ನಿಮಿಷ. ಬಸ್ಸು ಕಾಯಲು ಟೈಮಿಲ್ಲ!

“ಗಾಡಿ ಇದೆ,” ಎಂದರು ನರ್ಸಮ್ಮ.

ಇತ್ತು. ಅವರ ವಯಸ್ಸಿನದೇ ಒಂದು ಸ್ಕೂಟರ್. ಹೆಲ್ಮೆಟ್ ಹಾಕಿಕೊಂಡು ನನಗೂ ಒಂದು ಕೊಟ್ಟು, ಬೆಲ್ಟು ಬಿಗಿಯಾಯಿತೇ ಎಂದು ಎರಡು ಸಲ ಎಳೆದು ನೋಡಿದರು.

ನನ್ನ ಜನ್ಮದಲ್ಲೇ ಅಂಥ ಚೇಸು ಕಂಡಿಲ್ಲ. ಗಂಟೆಗೆ ಇಪ್ಪತ್ತು ಕಿಲೋಮೀಟರು! ತಿರುವು ಬಂದಲ್ಲೆಲ್ಲ ಕೈ ಚಾಚಿ ಸಿಗ್ನಲ್! ಸೈಕಲ್ಲುಗಳು ನಮ್ಮನ್ನು ದಾಟಿ ಹೋದವು.

“ಸ್ವಲ್ಪ ಜೋರಾಗಿ ಹೋಗಿ ಅಮ್ಮಾ!”

“ಜೋರಾಗಿ ಹೋದವರಿಗೆಲ್ಲ ಬ್ಯಾಂಡೇಜ್ ಕಟ್ಟಿದೋಳು ನಾನು. ಸುಮ್ನೆ ಕೂತ್ಕೋ!”

ದಾರಿ ದಾಟಲು ನಿಂತಿದ್ದ ಒಬ್ಬ ಮುದುಕನಿಗೆ ಗಾಡಿ ನಿಲ್ಲಿಸಿ ದಾರಿ ಬಿಟ್ಟರು. ಅವನು ದಾಟಿದ. ಅರ್ಧದಲ್ಲಿ ನಿಂತು ಥ್ಯಾಂಕ್ಸ್ ಹೇಳಿದ. ಇವರು ‘ಪರವಾಗಿಲ್ಲಪ್ಪ’ ಎಂದರು. ನಾನು ಉಗುರು ಕಚ್ಚಿದೆ...

ಐದಕ್ಕೆ ಎರಡು ನಿಮಿಷ. ಮೆಟ್ಟಿಲು ಹತ್ತಿದೆವು.

ಬಾಗಿಲಿಗೆ ಅಡ್ಡ ನಿಂತಿದ್ದಳು ಟೈಲರಮ್ಮ. ಕೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ! ಹಿಂದೆ ಅಂಗಿಗಳ ಗುಡ್ಡ. ಎದುರಿಗೆ ಬೀಗ, ಕೈಯಲ್ಲಿ ಬೀಗ. ಪಕ್ಕದಲ್ಲಿ ನಗುಮುಖದ ಸೇವಾಶುಲ್ಕ.

ನರ್ಸಮ್ಮನನ್ನು ನೋಡಿದ್ದೇ ನಗು ಒಂದು ಕ್ಷಣ ಜಾರಿತು. ಓಡಿಬಂದು ಅವರ ಕಿವಿಯಲ್ಲಿ, “ಅಮ್ಮ, ಹತ್ತಿರ ಹೋಗ್ಬೇಡಿ! ಕತ್ತರಿ ನೋಡಿ! ನಾನು ಹೇಳಿರ್ಲಿಲ್ವಾ?” ಎಂದ.

ನರ್ಸಮ್ಮ ಕೊಡೆ ಎತ್ತಿದರು. ಟೈಲರಮ್ಮ ಕತ್ತರಿ ಎತ್ತಿದಳು. ನಡುವೆ ನಾನು! ಸತ್ತೆ ಎಂದುಕೊಂಡೆ.

“ಟೈಲರಮ್ಮ, ಇವರೇ ನಿನ್ನ ಮಾಲೀಕರು! ಅಮ್ಮ, ಇವಳೇ ನಿಮ್ಮ ನಾಲ್ಕೂ ಬಾಡಿಗೆದಾರರು!” ಎಂದು ಕೂಗಿದೆ.

ಕೊಡೆ ಗಾಳಿಯಲ್ಲೇ ನಿಂತಿತು.

“ನೀನು ಇಲ್ಲಿಗೆ ಬಂದು ಎಷ್ಟು ದಿನ ಆಯ್ತಮ್ಮ?”

“ನಾಲ್ಕು ವರ್ಷ ಆಗ್ತಾ ಬಂತು.” ಟೈಲರಮ್ಮ ಕಣ್ಣರಳಿಸಿದಳು. “ನಿಮ್ಮ... ಬಂದೂಕು?”

“ಇಂಜೆಕ್ಷನ್ ಬಿಟ್ರೆ ನಾನು ಬೇರೇನೂ ಹಿಡಿದಿಲ್ಲ ಕಣೇ!”

ಇಬ್ಬರೂ ಒಟ್ಟಿಗೆ ಏಜೆಂಟನ ಕಡೆ ತಿರುಗಿದರು. ಎದುರುಮನೆಯ ಗಡಿಯಾರ ಐದು ಹೊಡೆಯಿತು.

“ಏನ್ ನೋಡ್ತಾ ನಿಂತಿದೀಯ? ಹಾಕೋ ಬೀಗ!” ಸೇವಾಶುಲ್ಕ ಅರಚಿದ.

ಬೀಗ ಒಂದು ಹೆಜ್ಜೆ ಮುಂದೆ ಬಂದ. ಗೋಡೆಯಂಥ ಆಳು. ನನ್ನನ್ನು ಒಂದೇ ಕೈಯಲ್ಲಿ ಎತ್ತಿ ಪಕ್ಕಕ್ಕಿಡಬಲ್ಲವನು. ನರ್ಸಮ್ಮನ ಎದುರು ನಿಂತು ತಲೆ ಬಗ್ಗಿಸಿದ.

“ಮನೆ ನಿಮ್ಮದು. ಹಾಕ್ಲಾ ಅಮ್ಮ?”

“ಬೇಡಪ್ಪ.”

“ಸರಿ.” ಬೀಗವನ್ನು ಜೇಬಿಗೆ ಹಾಕಿಕೊಂಡ. ಅಷ್ಟೇ!

“ನಿನ್ನ ರೂಮ್ ಖಾಲಿ ಮಾಡು!” ಏಜೆಂಟ್ ಕಿರುಚಿದ.

“ನಮ್ಮನೇಲಿ ಹಿಂದಿನ ರೂಮು ಖಾಲಿ ಇದೆ,” ಎಂದರು ನರ್ಸಮ್ಮ, ಯಾರನ್ನೂ ನೋಡದೆ.

ಸೇವಾಶುಲ್ಕ ಬೆವರಿದ. ಆದರೂ ಹುಟ್ಟುಗುಣ ನೋಡಿ, ಜೇಬಿನಿಂದ ರಸೀದಿ ಪುಸ್ತಕ ತೆಗೆದ!

“ಸರಿ, ಇಬ್ಬರಿಗೂ ಭೇಟಿ ಆಯ್ತಲ್ಲ. ಪರಿಚಯ ಶುಲ್ಕ ಆಗುತ್ತೆ. ಇಬ್ಬರ ಕಡೆಯಿಂದಲೂ. ಪಟ್ಟೀಲಿದೆ!”

ನಾನು ಅವನ ಮುಂದೆ ನಿಂತೆ.

“ಪರಿಚಯ ಮಾಡಿಸಿದ್ದು ಯಾರು? ಆಗಬಾರದು ಅಂತ ನಾಲ್ಕು ವರ್ಷ ಬೆವರು ಸುರಿಸಿದೋನು ನೀನು. ಮಾಡಿಸಿದ್ದು ನಾನು! ಇನ್ನೊಂದು ಮಾತು. ಈ ನಾಲ್ಕು ಹೆಸರಿನ ಸಹಿ ನೋಡು. ಒಂದೇ ಕೈ, ಒಂದೇ ಬಾಲ. ಇಪ್ಪತ್ತೆರಡು ವರ್ಷ ಸಹಿ ಹಾಕಿಸ್ಕೊಂಡಿದೀನಪ್ಪ, ಕಣ್ಣು ಮೋಸ ಹೋಗಲ್ಲ. ಕೋರ್ಟಿನ ದಾರಿ ನನಗೆ ಬಾಯಿಪಾಠ. ನಾಳೆ ಸಮನ್ಸ್ ತರ್ಲಾ... ಇವತ್ತೇ ಬರ್ಕೊಡ್ತೀಯಾ?”

ಅವನು ನಗಲು ನೋಡಿದ. ನಗು ಬರಲಿಲ್ಲ.

ಬರೆದುಕೊಟ್ಟ. ಇಬ್ಬರಿಂದಲೂ ತೆಗೆದುಕೊಂಡ ಶುಲ್ಕವೆಲ್ಲ ಹತ್ತು ದಿನದೊಳಗೆ ವಾಪಸ್. ಹೊಸಬರ ಅಡ್ವಾನ್ಸೂ ವಾಪಸ್. ಪೆನ್ನು ಬೀಗ ಕೊಟ್ಟ. ಸಹಿ ನಾನೇ ಹಾಕಿಸಿಕೊಂಡೆ. ಈ ಸಲ ಅವನ ಸ್ವಂತ ಹೆಸರಿನಲ್ಲಿ!

ಆಮೇಲೆ ನರ್ಸಮ್ಮನೂ ಟೈಲರಮ್ಮನೂ ಕತ್ತರಿಸುವ ಮೇಜಿನ ಮೇಲೆ, ಅಳತೆ ಗುರುತು ಹಾಕುವ ಕಂದು ಕಾಗದದಲ್ಲಿ, ತಾವೇ ಕರಾರು ಬರೆದುಕೊಂಡರು. ಎಂಟು ಸಾಲು. ಬರೆದಾದ ಮೇಲೆ ನರ್ಸಮ್ಮ ಎದ್ದು ಹೋಗಲಿಲ್ಲ. ಕನ್ನಡಕ ಏರಿಸಿ ಅಂಗಿಗಳಿಗೆ ಗುಂಡಿ ಹಾಕಲು ಕೂತರು. ಹೊಲಿಗೆ ಹಾಕಿ ಅಭ್ಯಾಸವಿದ್ದ ಕೈ, ಚರ್ಮವಾದರೇನು, ಬಟ್ಟೆಯಾದರೇನು! ಬೀಗ ಆ ದಪ್ಪ ಬೆರಳುಗಳಲ್ಲಿ ಅಂಗಿ ಮಡಿಸಿದ.

“ನಿಮ್ಮ ಫೀಸು ಎಷ್ಟು ಅಕ್ಕಾ?” ಟೈಲರಮ್ಮ ಕೇಳಿದಳು.

“ಅಯ್ಯೋ, ಅವರು ಎಲ್ಲಿ ತಗೋತಾರೆ? ಮನಸ್ಸು ಒಳ್ಳೇದು,” ಎಂದರು ನರ್ಸಮ್ಮ.

ತೆಗೆದುಕೊಂಡೆ. ಇಬ್ಬರಿಂದಲೂ ತೆಗೆದುಕೊಂಡೆ! ಹುಬ್ಬೇರಿಸಬೇಡಿ. ಇಬ್ಬರಿಂದ ತೆಗೆದುಕೊಳ್ಳುವುದು ತಪ್ಪಲ್ಲ ಸ್ವಾಮಿ... ಇಬ್ಬರನ್ನೂ ಎದುರಿಗೇ ಕೂರಿಸಿಕೊಂಡು ಕೇಳುವ ಗುಂಡಿಗೆ ಇರಬೇಕು, ಅಷ್ಟೇ!