ಮುಖ ಕೊಟ್ಟು ಮಾತಾಡಿ

"ಆ ಕಿಟಕಿಯಲ್ಲಿ ಕೂತಾಗ ಬಂದವರಿಗೆ ಮುಖ ಕೊಟ್ಟು ಮಾತಾಡಿ ಸ್ವಾಮಿ. ತಮಾಷೆಗೂ 'ತಗೊಂಡ್ಹೋಗು' ಅನ್ನಬೇಡಿ."

ವಿದ್ಯುತ್ ಬೋರ್ಡ್ ಆಫೀಸಿನ ಗೇಟಿನ ಪಕ್ಕ, ತಲೆಯಿಂದ ಎದೆಯವರೆಗೆ ಕಂದು ಶಾಲಿನ ಮುಸುಕು ಎಳೆದುಕೊಂಡು ನಿಂತಿದ್ದವನೊಬ್ಬ ಹೀಗೆಂದಾಗ ಮೊಹರಪ್ಪ ಸ್ಕೂಟರಿಗೆ ಸ್ಟ್ಯಾಂಡು ಹಾಕುತ್ತಿದ್ದ. ಆ ಆಫೀಸಿಗೆ ವರ್ಗವಾಗಿ ಬಂದ ಮೊದಲ ದಿನ ಅದು. ಮಾತು ಮುಸುಕಿನ ಒಳಗಿಂದ ಬಂದಂತಿರಲಿಲ್ಲ. ಎಲ್ಲೋ ದೂರದ ಕುಡಿಕೆಯೊಂದರ ತಳದಿಂದ ಎದ್ದು ಬಂದಂತಿತ್ತು.

"ಇನ್ನೊಂದು ಮಾತು ಸ್ವಾಮಿ. ಹಗಲುಗತ್ತಲೆ ಓಣಿಗೆ ಒಂದು ದೀಪ ಹಾಕಿಸಿಕೊಡಿ. ಒಂದೇ ಒಂದು. ನಿಮ್ಮ ಕಾಲಿಗೆ ಬೀಳ್ತೀನಿ."

"ಬೀಳೋ ಮುಂಚೆ ಮುಸುಕು ತೆಗಿ. ಈ ಸೆಖೇಲಿ ಶಾಲು ಹೊದ್ಕೊಂಡು ಮದುವಣಗಿತ್ತಿ ಥರ ನಿಂತಿದೀಯಲ್ಲ, ಯಾರನ್ನ ಕಂಡು ನಾಚಿಕೆ?"

ತನ್ನ ಹಾಸ್ಯಕ್ಕೆ ತಾನೇ ನಕ್ಕು ಮೊಹರಪ್ಪ ಒಳಗೆ ಹೋದ. ತನ್ನ ಹಾಸ್ಯಕ್ಕೆ ತಾನೇ ನಗುವವರಲ್ಲಿ ಅವನು ಪ್ರಥಮ ದರ್ಜೆಯವನು. ನೌಕರಿಯಲ್ಲಿ ಮಾತ್ರ ದ್ವಿತೀಯ ದರ್ಜೆ ಗುಮಾಸ್ತ.

ಮೊಹರಪ್ಪ ಎನ್ನುವುದು ಹಿಂದಿನ ಆಫೀಸಿನ ಜನ ಕೊಟ್ಟ ಬಿರುದು. ಕೇಳಿದ ಪ್ರಶ್ನೆಗೆಲ್ಲ ಮೊಹರು ಗುದ್ದಿಯೇ ಉತ್ತರ ಹೇಳುತ್ತಿದ್ದ ಮಹಾನುಭಾವ. ತಲೆ ಎತ್ತುತ್ತಿರಲಿಲ್ಲ. ಕಿಟಕಿಯ ಆಚೆ ಕಣ್ಣೀರಿಟ್ಟವರು, ಕೈಮುಗಿದವರು, ಗಂಟಲು ಹರಿಯುವಂತೆ ಕೂಗಿದವರು, ಎಲ್ಲರಿಗೂ ಸಿಕ್ಕಿದ್ದು ಅವನ ನೆತ್ತಿಯ ದರ್ಶನ ಮಾತ್ರ. "ಮುಖ ನೋಡಿದ್ರೆ ತಾನೇ ಮುಖದಾಕ್ಷಿಣ್ಯ? ನಾನು ನೋಡೋದೇ ಇಲ್ಲ," ಎಂದು ಟೀ ಕುಡಿಯುವಾಗ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಅವನಿಗೆ ಜನರೆಂದರೆ ಕಿಟಕಿಯ ಕಿಂಡಿಯೊಳಗೆ ತೂರಿಬರುವ ಕೈಗಳು. ಒಡೆದ ಉಗುರಿನ ಕೈಗೆ "ನಾಳೆ ಬಾ". ಗಡಿಯಾರ ಕಟ್ಟಿದ ಕೈಗೆ "ನಾಳೆ ಬನ್ನಿ". ಅಷ್ಟೇ ವ್ಯತ್ಯಾಸ.

ಅವನು ತಲೆ ಎತ್ತಿ ನೋಡುತ್ತಿದ್ದ ಮುಖ ಲೋಕದಲ್ಲಿ ಒಂದೇ, ಇನ್ನೂ ಶಾಲೆಗೆ ಸೇರದ ಮಗಳದ್ದು. ಸಂಜೆ ಬಾಗಿಲು ತೆಗೆಯುತ್ತಲೇ ಅವನ ಕೊರಳಿಗೆ ಜೋತುಬಿದ್ದು, ಬೆರಳಿನಿಂದ ಅವನ ಮೂಗು ಒತ್ತಿ, "ಟ್ರಿಣ್ ಟ್ರಿಣ್, ಅಪ್ಪ ಮನೇಲಿದಾರಾ?" ಎನ್ನುತ್ತಿದ್ದಳು. "ಇದಾರೆ, ಒಳಗೆ ಬಾ," ಎಂದು ಅವನು ಕರಗಿ ನೀರಾಗುತ್ತಿದ್ದ. ಕಲ್ಲಿಗೂ ಒಂದು ಮೆತ್ತನೆಯ ಜಾಗ ಇರುತ್ತದಲ್ಲ, ಹಾಗೆ.

ಅವತ್ತು ಮಧ್ಯಾಹ್ನ ಹೆಡ್ ಕ್ಲರ್ಕ್ ಮೇಡಂ ಅವನ ಮೇಜಿನ ಬಳಿ ಬಂದು ದನಿ ತಗ್ಗಿಸಿದರು.

"ಗೇಟಿನವನು ಏನಾದ್ರೂ ಹೇಳಿದ್ನಾ? ತಳ್ಳಿಹಾಕಬೇಡಿ ಕಣ್ರೀ. ಆ ಓಣಿ ಅಜ್ಜಿಗೆ ಮಾಟ ಗೊತ್ತು ಅಂತಾರೆ. ನಿಮ್ಮ ಕುರ್ಚಿಯಲ್ಲಿ ಇದ್ದವರು ಯಾರೂ ಹೇಳಿ ಹೋಗಿಲ್ಲ. ಒಂದು ದಿನ ಇರ್ತಾರೆ, ಮಾರನೇ ದಿನ ಇರಲ್ಲ."

"ಮೇಡಂ, ನಮ್ಮ ಮೊಹರಿಗಿಂತ ದೊಡ್ಡ ಮಾಟ ಯಾವುದಿದೆ? ಅಷ್ಟು ಭಯ ಇದ್ರೆ ನೀವೇ ದೀಪ ಹಾಕಿಸಿಬಿಡಬಹುದಿತ್ತಲ್ಲ?"

"ಅದು ನನ್ನ ಟೇಬಲ್ ಅಲ್ಲ," ಎಂದರು ಮೇಡಂ, ಮುಖ ಗಂಟಿಕ್ಕಿ.

ನೋಡಿದಿರಾ? ಜೀವ ಹೋಗುವ ಭಯವಿದ್ದರೂ ಟೇಬಲ್ ಬಿಟ್ಟು ಕದಲದ ಜನ. ಮೊಹರಪ್ಪನಿಗೆ ಇವರ ನಡುವೆ ತವರಿಗೆ ಬಂದಷ್ಟು ಹಿತವಾಯಿತು.

ಅಜ್ಜಿ ಬರುವ ಮೊದಲು ಅವಳ ವಾಸನೆ ಬರುತ್ತಿತ್ತು. ಆರಿದ ಬತ್ತಿಯ ವಾಸನೆ. ಕರಕು ಎಣ್ಣೆ, ಹೊಗೆ, ಸುಟ್ಟ ಅರಳೆ. ಸರದಿಯಲ್ಲಿ ನಿಂತವರ ಗದ್ದಲ ತಾನಾಗಿ ತಗ್ಗುತ್ತಿತ್ತು. ಕಿಂಡಿಯೊಳಗೆ ಎರಡು ಕೈ ಬರುತ್ತಿದ್ದವು. ಬೆರಳ ತುದಿಗಳಲ್ಲಿ ಎಂದೂ ತೊಳೆಯದಂಥ ಮಸಿ. ಒಂದು ಕೈಯಲ್ಲಿ ಬಾಯಿ ತೆರೆದ ಮಣ್ಣಿನ ಕುಡಿಕೆ, ಇನ್ನೊಂದರಲ್ಲಿ ಅದರ ಮುಚ್ಚಳ.

"ಹಗಲುಗತ್ತಲೆ ಓಣಿಗೆ ದೀಪ, ಸ್ವಾಮಿ."

"ನಾಳೆ ಬಾ."

ಮತ್ತೆ ಬಂದಳು. ಮತ್ತೆ "ನಾಳೆ ಬಾ". ಎಷ್ಟೋ ನಾಳೆಗಳು ಹೀಗೆ ಬಂದು ಹೋದವು. ಆ ಓಣಿಗೆ ಒಂದು ಕಂಬ, ಒಂದು ಬಲ್ಬು ಕೊಡಲು ಬೋರ್ಡಿಗೆ ಏನೂ ಅಡ್ಡಿಯಿರಲಿಲ್ಲ. ಅಡ್ಡಿಯಿದ್ದದ್ದು ಮೊಹರಪ್ಪನಿಗೆ. ಕೇಳಿದ ಕೂಡಲೇ ಕೊಟ್ಟರೆ ಜನ ತಲೆಯ ಮೇಲೆ ಕೂರುತ್ತಾರೆ ಎಂಬುದು ಅವನ ಸಿದ್ಧಾಂತ.

ಕೊನೆಗೊಂದು ಮಧ್ಯಾಹ್ನ, ಫ್ಯಾನು ಬಿಸಿಗಾಳಿಯನ್ನೇ ಕಡೆಯುತ್ತಿದ್ದಾಗ, ಮಸಿಯ ಬೆರಳುಗಳು ಕಿಂಡಿಯ ಗಾಜನ್ನು ಮೆಲ್ಲಗೆ ಕೆರೆದವು. ಕಿರ್... ಕಿರ್...

"ಸ್ವಲ್ಪ ಮುಖ ಕೊಟ್ಟು ಮಾತಾಡಿ ಸ್ವಾಮಿ."

ಸರದಿಯ ಜನರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಮೊಹರಪ್ಪನಿಗೆ ಹುರುಪು ಬಂತು. ತಲೆ ಎತ್ತದೆಯೇ, ಎಲ್ಲರಿಗೂ ಕೇಳುವಂತೆ, "ಮುಖ ಬೇಕಾ ನಿಂಗೆ? ದೀಪ ಅಂತೂ ಇಲ್ಲ. ಮುಖಾನೇ ತಗೊಂಡ್ಹೋಗು, ಹೋಗು!" ಎಂದ.

"ಬಾಯಾರೆ ಕೊಟ್ರಿ," ಎಂದಳು ಅಜ್ಜಿ.

ಟಪ್. ಕುಡಿಕೆಯ ಮುಚ್ಚಳ ಬಿದ್ದ ಸದ್ದು.

ಕೆನ್ನೆಯ ಮೇಲೆ ತಣ್ಣಗೆ ಏನೋ ಸರಿದಂತಾಯಿತು, ಗಾಯದ ಮೇಲಿನ ಒಣಗಿದ ಪಟ್ಟಿಯನ್ನು ಯಾರೋ ನೋವಾಗದಂತೆ ಸುಲಿದ ಹಾಗೆ. ಅವನು ತಲೆ ಬಗ್ಗಿಸಿಕೊಂಡೇ ಮುಂದಿನ ಕೈಗೆ "ನಾಳೆ ಬಾ" ಎಂದ. ಸ್ವರ ಯಾಕೋ ದೂರದಿಂದ ಬಂತು. ನೆಗಡಿಯಿರಬೇಕೆಂದುಕೊಂಡ. ಬಗ್ಗಿಸಿದ ತಲೆಯನ್ನು ಸಂಜೆಯವರೆಗೂ ಎತ್ತದ ಮನುಷ್ಯನ ಮುಖ ಇದೆಯೋ ಹೋಯಿತೋ, ನೋಡಿದವರು ಯಾರು? ಹಾಗೇ ಎದ್ದು, ಹೆಲ್ಮೆಟ್ ಏರಿಸಿಕೊಂಡು ಹೊರಟ. ಹೆಲ್ಮೆಟ್ ಅವತ್ತು ಸಡಿಲವಾಗಿತ್ತು.

ಮನೆಯ ಮೆಟ್ಟಿಲ ಬಳಿ ಮಬ್ಬುಗತ್ತಲೆ. ಹೆಲ್ಮೆಟ್ ತೆಗೆಯುತ್ತಿದ್ದಂತೆ ಮಗಳು ಓಡಿಬಂದು ಕೊರಳಿಗೆ ಜೋತುಬಿದ್ದಳು. ಪುಟ್ಟ ಬೆರಳು ಮೂಗನ್ನು ಹುಡುಕಿತು. ಜಾರಿತು. ಮತ್ತೆ ಹುಡುಕಿತು. ಅಂಗೈ ಇಡೀ ಆಡಿತು, ಹಣೆಯಿಂದ ಗಲ್ಲದವರೆಗೆ.

"ಅಮ್ಮಾ, ಅಪ್ಪನ ಮೂಗು ಎಲ್ಲಿ?"

ಹೆಂಡತಿ ನಗುತ್ತಾ ಬಂದು ದೀಪ ಹಾಕಿದಳು. ನಗು ಅರ್ಧಕ್ಕೇ ನಿಂತಿತು. ಚೀರಿ, ಮಗುವನ್ನು ಕಿತ್ತುಕೊಂಡು, ಬಾಗಿಲು ಬಡಿದು ಅಗುಳಿ ಹಾಕಿದಳು. ಒಳಗೆ ಮಗು ಹೆದರಿ ಅಳತೊಡಗಿತು. "ನಾನು ಕಣೇ! ನಾನೇ!" ಎಂದು ಕೂಗಿದ. ಸ್ವರ ಅವನ ಬಾಯಿಂದ ಬರಲಿಲ್ಲ. ಊರಿನ ಇನ್ನೊಂದು ಮೂಲೆಯಲ್ಲಿ, ಮುಚ್ಚಿದ ಕುಡಿಕೆಯೊಳಗೆ ಯಾರೋ ಗೊಣಗಿದಂತೆ ಬಂತು.

ಸ್ಕೂಟರಿನ ಕನ್ನಡಿಯಲ್ಲಿ ನೋಡಿಕೊಂಡ. ಹಣೆಯಿಲ್ಲ. ಹುಬ್ಬಿಲ್ಲ. ಬಾಯಿಲ್ಲ. ಒರೆಸಿದ ಸ್ಲೇಟಿನಂಥ ನುಣುಪು ಚರ್ಮ. ಕಣ್ಣಿಲ್ಲದೆಯೂ ಎಲ್ಲ ಕಾಣುತ್ತಿತ್ತು, ಅದೇ ದೊಡ್ಡ ಶಿಕ್ಷೆ.

ಮಾರನೇ ಬೆಳಿಗ್ಗೆ ಅವನು ಹೋದದ್ದೆಲ್ಲಿಗೆ ಗೊತ್ತೇ? ಆಫೀಸಿಗೆ! ಮುಖ ಹೋದರೂ ಹಾಜರಿ ಹೋಗಬಾರದು. ಬಾಗಿಲಲ್ಲಿ ಮುಖ ನೋಡಿ ಹಾಜರಿ ಹಾಕಿಕೊಳ್ಳುವ ಯಂತ್ರವಿತ್ತು. ಹೆಲ್ಮೆಟ್ ತೆಗೆದು ಅದರೆದುರು ನಿಂತ.

"ದಯವಿಟ್ಟು ಮುಖ ಸರಿಯಾಗಿ ತೋರಿಸಿ," ಎಂದಿತು ಯಂತ್ರ. ಮತ್ತೆ ಬಗ್ಗಿದ. "ದಯವಿಟ್ಟು ಮುಖ ಸರಿಯಾಗಿ ತೋರಿಸಿ."

ಮೇಡಂ ಪಡಸಾಲೆಯಲ್ಲಿ ಬರುತ್ತಿದ್ದರು. ಒಂದು ಗಳಿಗೆ ಅವನನ್ನು ಕಂಡರು, ಥಟ್ಟನೆ ಗೋಡೆಯ ಕಡೆ ತಿರುಗಿ ನಿಂತರು.

"ಸಾರ್ವಜನಿಕರು ಒಳಗೆ ಬರೋ ಹಾಗಿಲ್ಲ. ಕಿಟಕಿ ಹತ್ರ ಹೋಗಿ."

ಗೊತ್ತಾಗಿತ್ತು ಅವರಿಗೆ. ಆದರೆ ಅದು ಅವರ ಟೇಬಲ್ ಅಲ್ಲ.

ಗೇಟಿನ ಹತ್ತಿರ ಮುಸುಕಿನವನು ಕಾಯುತ್ತಿದ್ದ. ಶಾಲು ಸರಿಸಿ ತೋರಿಸಿದ. ಅಲ್ಲೂ ಅದೇ ನುಣುಪು. "ನಿಮ್ಮ ಕುರ್ಚಿಯಲ್ಲಿ ನಿಮಗಿಂತ ಮುಂಚೆ ನಾನೇ ಇದ್ದೆ," ಎಂದ. "ಓಣಿಗೆ ಹೋಗಿ. ಮುಖ ಅಲ್ಲೇ ಇದೆ. ಬೇಕಾದ್ರೆ ತಗೋ ಅಂತಾನೂ ಅಜ್ಜಿ ಅಂತಾಳೆ. ಹೋಗಿ ನೋಡಿ, ಆಮೇಲೆ ಗೊತ್ತಾಗುತ್ತೆ ನಾನು ದೀಪ ಯಾಕೆ ಕೇಳ್ತಿದ್ದೆ ಅಂತ." ತನ್ನ ಹತ್ತಿರವಿದ್ದ ಇನ್ನೊಂದು ಶಾಲು ಕೊಟ್ಟ.

ಹೊರಗೆ ಸುಡುಬಿಸಿಲು. ಎರಡು ಹಳೆಯ ಉಗ್ರಾಣಗಳ ಗೋಡೆಗಳು ಮೇಲೆ ಒಂದಕ್ಕೊಂದು ಒರಗಿಕೊಂಡಂತಿದ್ದ ಜಾಗದಲ್ಲಿ ಓಣಿ ಬಾಯಿ ತೆರೆದಿತ್ತು. ಹತ್ತಾರು ಹೆಜ್ಜೆ ಇಟ್ಟರೆ ಹಗಲು ಮುಗಿಯುತ್ತಿತ್ತು. ಕಾಲಿನ ಕೆಳಗೆ ಪಾಚಿ ಹಿಡಿದ ಮೆಟ್ಟಿಲು. ಮೂಗಿಲ್ಲದಿದ್ದರೂ ಅದೇ ವಾಸನೆ ಎದೆಗೆ ಇಳಿಯಿತು: ಆರಿದ ಬತ್ತಿ. ಮೊಹರಪ್ಪ ಟಾರ್ಚ್ ಹಾಕಿದ. ಹತ್ತಿತು. ಕೆಂಪಾಯಿತು. ಸತ್ತಿತು. ಬೆಂಕಿಕಡ್ಡಿ ಗೀರಿದ. ಯಾರೋ ಉಫ್ ಎಂದು ಊದಿದರು.

"ತಂದ ಬೆಳಕು ಇಲ್ಲಿ ನಿಲ್ಲಲ್ಲ ಸ್ವಾಮಿ," ಎಂದಳು ಅಜ್ಜಿ, ಅವನ ಪಕ್ಕದಲ್ಲೇ. "ಈ ಮೆಟ್ಟಿಲಲ್ಲೇ ನನ್ನ ಮಗಳು ಜಾರಿ ಬಿದ್ದಿದ್ದು. ಪ್ರಾಣ ಹೋಗೋವರೆಗೂ ತೊಡೆ ಮೇಲೆ ಮಲಗಿಸಿಕೊಂಡಿದ್ದೆ. ಒಂದ್ಸಲ ಮುಖ ನೋಡೋಣ ಅಂದ್ರೆ ಕತ್ತಲೆ. ಅದಕ್ಕೆ ಮುಂಚೆ ಎಷ್ಟು ಸಲ ನಿಮ್ಮ ಕಿಟಕಿಗೆ ಬಂದಿದ್ದೆ, ಯಾರೂ ತಲೆ ಎತ್ತಲಿಲ್ಲ. ಅವತ್ತೇ ಮನೇಲಿದ್ದ ಬತ್ತೀನೂ ಆರಿಸಿ ಓಣಿಗೇ ಮಾಟದ ಕಟ್ಟು ಹಾಕಿದೆ. ಬೋರ್ಡಿನ ದೀಪ ಹತ್ತೋವರೆಗೂ ಇಲ್ಲಿ ಬೇರೆ ಬೆಳಕಿಲ್ಲ."

"ತಪ್ಪಾಯ್ತು ಅಜ್ಜೀ. ನನ್ನ ಮುಖ ಕೊಡು. ಮಗು ಹೆದರ್ಕೊಂಡಿದೆ. ನನ್ನ ಮಗು..."

"ಗೋಡೆ ಗೂಡಲ್ಲಿದೆ. ನೋಡಿ ತಗೊಳ್ಳಿ. ಒಂದೇ ಸಲ. ಬೇರೆಯವರದ್ದು ಹಾಕ್ಕೊಂಡ್ರೆ ಅದು ಮತ್ತೆ ಕಳಚಲ್ಲ."

ಕೈ ಚಾಚಿದ. ಗೂಡಿನ ತುಂಬ ಕುಡಿಕೆಗಳು. ಬೆಚ್ಚಗಿದ್ದವು. ಒಂದರ ಮುಚ್ಚಳ ಸರಿಸಿದ. ಬೆರಳಿಗೆ ಮೂಗು ಸಿಕ್ಕಿತು. ಮೀಸೆ ಸಿಕ್ಕಿತು. ರೆಪ್ಪೆ ಬಡಿಯಿತು. ಅವನದ್ದೇ? ಗೊತ್ತಾಗಲಿಲ್ಲ. ಇನ್ನೊಂದು. ಅಲ್ಲೂ ಮೂಗು. ಅಲ್ಲೂ ಮೀಸೆ. ತುಟಿ ಒದ್ದೆಯಾಗಿತ್ತು. ತನ್ನ ಮೂಗು ಹೇಗಿತ್ತು? ಗಲ್ಲದಲ್ಲಿ ಕುಳಿ ಇತ್ತೇ? ದಿನಾ ಬೆಳಿಗ್ಗೆ ಕ್ಷೌರ ಮಾಡಿಕೊಂಡ ಮುಖ. ನೆನಪಿಗೆ ಬರಲಿಲ್ಲ. ಮಗಳ ಬೆರಳಿಗಾದರೆ ಗೊತ್ತಿತ್ತು. ಅವನಿಗೆ ಗೊತ್ತಿರಲಿಲ್ಲ.

"ನನ್ನದು ಯಾವುದು?" ಎಂದು ಕೂಗಿದ.

ಎಲ್ಲ ಕುಡಿಕೆಗಳೂ ಒಟ್ಟಿಗೆ ಕೂಗಿದವು. "ನನ್ನದು ಯಾವುದು? ನನ್ನದು ಯಾವುದು?"

"ಕಾಣಿಸ್ತಿಲ್ವಾ ಸ್ವಾಮಿ?" ಅಜ್ಜಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ಜೀವನವಿಡೀ ಬೇರೆಯವರೊಡನೆ ಆಡಿದ್ದ ದನಿಯೇ ಅದು, ತಣ್ಣಗೆ, ಬೇಸರವಾಗಿ. "ಒಂದು ದೀಪ ಇದ್ದಿದ್ರೆ ಕಾಣ್ತಿತ್ತು. ಕೊಟ್ಟಿರೋ ಅರ್ಜಿ ನಿಮ್ಮ ಆಫೀಸಲ್ಲೇ ಇದೆ. ಹೋಗಿ. ನಾಳೆ ಬನ್ನಿ."

ಮೆಟ್ಟಿಲಲ್ಲಿ ಬಿದ್ದು, ಎದ್ದು, ಮತ್ತೆ ಬಿದ್ದು ಬಿಸಿಲಿಗೆ ಬಂದ. ಅಯ್ಯೋ ಪಾಪ ಎನ್ನಬೇಡಿ. ಹಸಿವಾಗುತ್ತಿತ್ತು, ತಿನ್ನಲು ಬಾಯಿರಲಿಲ್ಲ. ಅಳು ಬರುತ್ತಿತ್ತು, ಅಳಲು ಕಣ್ಣಿರಲಿಲ್ಲ. ಆದರೂ ಪಾಪ ಎನ್ನಬೇಡಿ. ಒಂದೇ ಒಂದು ಸಲ ತಲೆ ಎತ್ತಿದ್ದರೆ ಸಾಕಿತ್ತು.

ಬೋರ್ಡಿನ ಆಫೀಸಿನಲ್ಲಿ ಕುರ್ಚಿ ಖಾಲಿ ಬಿದ್ದಿದ್ದು ಕೆಲವೇ ದಿನ. ಹೊಸಬ ಬಂದ. ಎಣ್ಣೆ ಹಚ್ಚಿ ಬೈತಲೆ ತೆಗೆದವನು. ಗೇಟಿನಲ್ಲಿ ಅವನು ಸ್ಕೂಟರಿಗೆ ಸ್ಟ್ಯಾಂಡು ಹಾಕುತ್ತಿದ್ದಾಗ ಮೊಹರಪ್ಪ ಶಾಲಿನೊಳಗಿಂದ ಹೇಳಬೇಕಾದ್ದನ್ನೆಲ್ಲ ಹೇಳಿದ. ಕಾಲಿಗೂ ಬಿದ್ದ. ಓಣಿಗೆ ದೀಪ ಹಾಕಿಸಿ ಮೊಹರಪ್ಪನ ಮುಖವನ್ನು ಅವನಿಗೆ ತೋರಿಸಬಲ್ಲವನು ಈಗ ಈ ಹೊಸಬ ಒಬ್ಬನೇ, ಅದೂ ಹೊಸಬನಿಗೆ ಮುಖ ಇರುವವರೆಗೆ ಮಾತ್ರ. ಹೊಸಬ ನಕ್ಕು, "ಸೆಖೆ ಆಗಲ್ವಾ ಮಾರಾಯಾ?" ಎಂದು ಒಳಗೆ ಹೋದ.

ಮಾರನೇ ದಿನ ಮಧ್ಯಾಹ್ನ ಮೊಹರಪ್ಪ ಸರದಿಯಲ್ಲಿ ನಿಂತ. ದೀಪಕ್ಕೆ ಕೇಳಬೇಕಿತ್ತು. ಮುಂದೆ ನಿಂತಿದ್ದ ಹೆಂಗಸಿನ ಜಡೆ, ಹೆಗಲು, ಹೆಗಲ ಮೇಲೆ ತಲೆಯಿಟ್ಟು ಹಿಂದಕ್ಕೆ ನೋಡುತ್ತಿದ್ದ ಮಗು. ಅವನ ಹೆಂಡತಿ. ಅವನ ಮಗಳು.

"ನಮ್ಮ ಯಜಮಾನ್ರು ಇದೇ ಕಿಟಕೀಲಿ ಕೆಲಸ ಮಾಡ್ತಿದ್ರು ಸಾರ್," ಎನ್ನುತ್ತಿದ್ದಳು ಅವಳು. "ಅವತ್ತು ಆಫೀಸಿಗೆ ಹೋದವರು ಮನೆಗೆ ಬರಲೇ ಇಲ್ಲ. ಸಂಜೆ ಅವರ ಸ್ಕೂಟರಲ್ಲಿ ಬಂದಿದ್ದು ಯಾರೋ... ಏನೋ... ನಿಮಗೆ ಏನಾದ್ರೂ ಗೊತ್ತಾ?"

ಕಿಟಕಿಯಲ್ಲಿ ಎಣ್ಣೆಯ ನೆತ್ತಿ ಮಾತ್ರ ಕಾಣುತ್ತಿತ್ತು. ಮೊಹರು ಧಡ್ ಎಂದು ಬಿತ್ತು. "ನಾಳೆ ಬನ್ನಿ."

"ನಿನ್ನೇನೂ ಇದನ್ನೇ ಹೇಳಿದ್ರಿ. ನಿಮಗೂ ಹೆಂಡತಿ ಮಕ್ಕಳು ಇರ್ತಾರಲ್ವಾ? ಸ್ವಲ್ಪ ಮುಖ ಕೊಟ್ಟು ಮಾತಾಡಿ ಸಾರ್."

ಮೊಹರಪ್ಪನ ಬೆನ್ನ ಹಿಂದೆ ಆರಿದ ಬತ್ತಿಯ ವಾಸನೆ ಎದ್ದಿತು. ಬೇಡ ಎಂದು ಕೂಗಿದ. ಕೂಗು ದೂರದ ಓಣಿಯ ಮುಚ್ಚಳದ ಅಡಿಯಿಂದ ಗೊಣಗಿದಂತೆ ಬಂತು, ಕಿಟಕಿಯ ಗಾಜಿನಾಚೆಗೆ ಮುಟ್ಟಲಿಲ್ಲ.

"ಮುಖ ಬೇಕಾ?" ಎಂದು ನಕ್ಕ ಹೊಸಬ. "ಇನ್ನೇನು, ಬಿಚ್ಚಿ ಕೊಡ್ಲಾ? ತಗೊಂಡ್ಹೋಗಿ!"

ಟಪ್.

ಎಣ್ಣೆಯ ನೆತ್ತಿ ಒಮ್ಮೆ ನಡುಗಿತು. ಆಗಲೂ ಅದು ಮೇಲೇಳಲಿಲ್ಲ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ತಿರುಗಿದಳು. ಅವಳ ಹೆಗಲ ಮೇಲಿನ ಮಗು ಶಾಲಿನವನನ್ನೇ ದಿಟ್ಟಿಸುತ್ತಿತ್ತು. ಅವನು ನಿಂತ ರೀತಿಯಲ್ಲಿ ಅದಕ್ಕೇನೋ ಗುರುತು ಸಿಕ್ಕಿರಬೇಕು. ಪುಟ್ಟ ಬೆರಳು ಮುಂದೆ ಬಂತು, ಮುಸುಕಿನ ಅಂಚಿನ ಹತ್ತಿರ, ಮೂಗಿರಬೇಕಾದ ಜಾಗಕ್ಕೆ.

"ಟ್ರಿಣ್ ಟ್ರಿಣ್," ಎಂದಿತು ಮಗು, ಸಣ್ಣ ದನಿಯಲ್ಲಿ. "ಅಪ್ಪ ಇದಾರಾ?"

ಇದಾರೆ ಎನ್ನಲು ಅವನಿಗಿದ್ದದ್ದು ಕುಡಿಕೆಯ ತಳದ ದನಿ ಮಾತ್ರ. ಬೆರಳು ಸೋಕಿದರೆ ಮಗು ಮತ್ತೆ ಹೆದರಿ ಅಳುತ್ತದೆಂದು ಗೊತ್ತಿತ್ತು. ಮೊಹರಪ್ಪ ಒಂದು ಹೆಜ್ಜೆ ಹಿಂದೆ ಸರಿದು ತಲೆ ತಗ್ಗಿಸಿದ.