ಬದನೆಕಾಯಿ ಬಣ್ಣದ ಬಡ್ತಿ

ಡಾಕ್ಟರ್ ಮೃದುಲಾ ಸೋಮಯಾಜಿ ಕೋಣೆಗೆ ಕಾಲಿಟ್ಟ ಕೂಡಲೇ ಬೂದು ಗೋಡೆಗಳು ಎಳೆ ಮಾವಿನೆಲೆಯ ಬಣ್ಣಕ್ಕೆ ತಿರುಗಿದವು. ಅವರು ಹೊರಗೆ ಹೋದರು, ಜವಾನ ಒಳಗೆ ಬಂದ, ಗೋಡೆಗಳು ಕಡುನೀಲಿಯಾದವು. ತುಮಕೂರಿನ ಹುಣಸೆ ಅಭಿವೃದ್ಧಿ ನಿಗಮದ ಸಿಬ್ಬಂದಿಯೆಲ್ಲ ಬಾಗಿಲಾಚೆ ನಿಂತು ಚಪ್ಪಾಳೆ ತಟ್ಟಿದರು.

"ಇದು ಒಲವುಗೋಡೆ. ಲೇಪದಲ್ಲಿರುವ ನಾಡಿಗ್ರಾಹಿ ಕಣಗಳು ನಮ್ಮ ನಾಡಿ, ಉಸಿರು, ಕಣ್ಣಿನ ಪಾಪೆ ಎಲ್ಲವನ್ನೂ ಓದುತ್ತವೆ. ಯಾವ ಬಣ್ಣದಲ್ಲಿ ಮೈ ಹಗುರಾಗುತ್ತದೋ ಆ ಬಣ್ಣ ತಾಳುತ್ತವೆ. ಹಲವರಿದ್ದರೆ ಅವರವರ ಹಿಂದಿನ ಗೋಡೆಗೆ ಅವರವರ ಬಣ್ಣ," ಎಂದರು ಡಾಕ್ಟರು.

"ಬಾಯಲ್ಲಿ ಬೇರೆ ಬಣ್ಣ ಹೇಳಿದ್ರೆ, ಮೇಡಂ?" ಎಂದ ಹಿರಿಯ ಗುಮಾಸ್ತ ರುದ್ರಮುನಿ.

"ಬಾಯಿಗೂ ಇದಕ್ಕೂ ಸಂಬಂಧವೇ ಇಲ್ಲ."

ರುದ್ರಮುನಿ ಬಾಗಿಲಿಂದ ಎರಡು ಹೆಜ್ಜೆ ಹಿಂದೆ ಸರಿದ. ನಿರ್ದೇಶಕ ಧರ್ಮಪಾಲಯ್ಯನವರ ಕೋಣೆ, ಪರದೆ, ಕಾರು ಎಲ್ಲವೂ ಬದನೆಕಾಯಿ ಬಣ್ಣ. ಆಯುಧಪೂಜೆಗೆ ಇಡೀ ಕಚೇರಿ ಅದೇ ಬಣ್ಣದ ಅಂಗಿ ತೊಟ್ಟು ಸಾಲಾಗಿ ನಿಲ್ಲುತ್ತಿತ್ತು. ಹೊಗಳುವವರಲ್ಲಿ ರುದ್ರಮುನಿಯದೇ ಮುಂದಾಳತ್ವ. "ನಿಮ್ಮ ಗೋಡೆ ನೋಡಿದ್ರೆ ಹಸಿವೇ ಆಗಲ್ಲ, ಸಾರ್," ಎನ್ನುತ್ತಿದ್ದ. ಅದಂತೂ ನಿಜ, ಅವನಿಗೆ ಹೊಟ್ಟೆ ತೊಳಸುತ್ತಿತ್ತು. ಈಗ ಉಪವ್ಯವಸ್ಥಾಪಕರ ಹುದ್ದೆ ಖಾಲಿಯಿತ್ತು. ಅದಕ್ಕಾಗಿ ಅವನು ಅರ್ಧ ಆಯುಷ್ಯ ನಡು ಬಗ್ಗಿಸಿದ್ದ. ಮುಂದಿನ ತಿಂಗಳು ಎಲ್ಲರೂ ಸಾಹೇಬರ ಎದುರಿಗೇ ಒಲವುಗೋಡೆಯ ಮುಂದೆ ನಿಲ್ಲಬೇಕೆಂದು ಆದೇಶವಾಯಿತು.

ಅವನು ಗುಟ್ಟಾಗಿ ಡಾಕ್ಟರ ಬಳಿ ಓಡಿದ. "ಇಷ್ಟ ಇಲ್ದಿರೋದನ್ನ ಇಷ್ಟ ಮಾಡ್ಕೊಳ್ಳೋಕಾಗುತ್ತಾ, ಮೇಡಂ?"

"ಆಗುತ್ತೆ. ಆ ಬಣ್ಣ ಕಣ್ಮುಂದೆ ಇರುವಾಗಲೆಲ್ಲ ಮೈಗೆ ಸುಖ ಕೊಡಿ, ಮೈ ಕಲಿಯುತ್ತೆ. ಕಲಿತಿದ್ದನ್ನ ಮರೆಸೋದು ಮಾತ್ರ ನನಗಿನ್ನೂ ಗೊತ್ತಿಲ್ಲ."

ಕೊನೆಯ ಮಾತು ಅವನ ಕಿವಿಗೆ ಬೀಳಲೇ ಇಲ್ಲ. ಮಲಗುವ ಕೋಣೆಗೆ ಬದನೆಕಾಯಿ ಬಣ್ಣ ಬಳಿಸಿದ. ಆ ಗೋಡೆಯನ್ನೇ ದಿಟ್ಟಿಸುತ್ತ ಹೋಳಿಗೆ ತಿಂದ, ಎಣ್ಣೆ ನೀವಿಸಿಕೊಂಡ.

"ಇದೇನ್ರೀ, ಮನೇನೋ ಪಲ್ಯದ ಬಾಣಲೇನೋ?" ಎಂದು ಹೆಂಡತಿ ಸರ್ವಮಂಗಳ ಸಿಡುಕಿದಳು. "ಮದ್ವೆ ಆದಾಗಿಂದ ತಿಳಿಗುಲಾಬಿ ಹೊಡೆಸಿ ಅಂತ ಬಾಯಿ ಬಡ್ಕೊಂಡೆ. ಸಾಹೇಬ್ರ ಬಣ್ಣ ಒಂದೇ ದಿನಕ್ಕೆ ಬಂತು."

"ಬಡ್ತಿ ಬರ್ಲಿ ಕಣೇ, ಬೀದೀಗೆಲ್ಲಾ ಗುಲಾಬಿ ಹೊಡೆಸ್ತೀನಿ."

ಪರೀಕ್ಷೆಯ ದಿನ ಒಬ್ಬೊಬ್ಬರ ಹಿಂದೆಯೂ ಒಂದೊಂದು ಬಣ್ಣ ಎದ್ದಿತು. ಹಸಿರಾದವರು, ಹಳದಿಯಾದವರು ಎಲ್ಲರೂ ಸಿಕ್ಕಿಬಿದ್ದ ಕಳ್ಳರ ಹಾಗೆ ತಲೆ ತಗ್ಗಿಸಿದರು. ರುದ್ರಮುನಿ ನಿಂತ. ನೆಲದಿಂದ ಸೂರಿನವರೆಗೆ ಬದನೆಕಾಯಿ ಬಣ್ಣ ಉಕ್ಕಿತು! ಆನಂದಕ್ಕೆ ಅವನ ಕಣ್ಣಲ್ಲಿ ನೀರು ಬಂತು.

ಕಡೆಗೆ ಧರ್ಮಪಾಲಯ್ಯನವರು ಬಂದು ನಿಂತರು. ಅವರ ಹಿಂದಿನ ಗೋಡೆ ಅಚ್ಚ ಸುಣ್ಣದ ಬಿಳುಪಾಯಿತು.

ಸಾಹೇಬರೇ ಜೋರಾಗಿ ನಕ್ಕರು. "ಗೊತ್ತಾಗೇ ಹೋಯ್ತಲ್ಲ! ಅದು ನಮ್ಮ ಹಳೇ ಅಧ್ಯಕ್ಷರ ಬಣ್ಣ ಕಣ್ರಯ್ಯಾ. ಅವರನ್ನ ಮೆಚ್ಚಿಸೋಕೆ ಹೊಡೆಸಿದ್ದು. ಆಮೇಲೆ ನೀವೆಲ್ಲಾ ಅಷ್ಟು ಹೊಗಳ್ತಿದ್ರಿ, ಬದಲಾಯ್ಸೋಕೆ ಮನಸ್ಸು ಬರ್ಲಿಲ್ಲ. ಕಂಡ್ರೆ ವಾಕರಿಕೆ ನಂಗೆ."

"ನಮ್ಗೂ ಸಾರ್!" ಎಂದು ಕಚೇರಿಯೇ ಕೂಗಿತು. ಎಲ್ಲರೂ ನಕ್ಕು ಹಗುರಾದರು. ಆಮೇಲೆ ಎಲ್ಲರ ಕಣ್ಣೂ ಒಂದೇ ಕಡೆ ಹೊರಳಿತು.

"ನಂಗೂ ವಾಕರಿಕೇನೇ ಸಾರ್! ದೇವ್ರಾಣೆ!" ಎಂದ ರುದ್ರಮುನಿ. ಅವನ ಹಿಂದಿನ ಗೋಡೆ ಇನ್ನಷ್ಟು ಕಡುವಾಯಿತು.

"ಹೆದ್ರಿ ಸುಳ್ಳು ಹೇಳಿದೋರನ್ನ ಕ್ಷಮಿಸ್ಬಹುದು," ಎಂದರು ಸಾಹೇಬರು. "ನಿಜವಾಗ್ಲೂ ಇಷ್ಟಪಟ್ಟೋನು ನೀನೊಬ್ಬನೇ. ನಿನ್ನ ಮಾತಿಗೆ ತಾನೇ ನಾನು ಇಷ್ಟು ವರ್ಷ ಅನುಭವಿಸಿದ್ದು?"

ಬಡ್ತಿ ಹಳದಿಯಾದವರಲ್ಲಿ ಒಬ್ಬನಿಗೆ ಹೋಯಿತು. ರುದ್ರಮುನಿಯನ್ನು ಊರಾಚೆಯ ಹುಣಸೆ ಗೋದಾಮಿಗೆ ಎತ್ತಿಹಾಕಿದರು. ಸರ್ವಮಂಗಳ ಮಾತು ಬಿಟ್ಟಳು.

ಗೋದಾಮಿನ ಕಿರುಕೋಣೆಗೂ ನಿಗಮ ಒಲವುಗೋಡೆ ಬಳಿಸಿತ್ತು. ಮೊದಲ ದಿನ ಅವನು ಬಾಗಿಲು ಹಾಕಿಕೊಂಡು, ಹಾಳಾದ ಬದುಕನ್ನು ನೆನೆದು ಮನಸಾರೆ ಅಳಬೇಕೆಂದು ಕುಳಿತ. ಸುತ್ತಲೂ ಬದನೆಕಾಯಿ ಬಣ್ಣ ಆವರಿಸಿತು. ಉಸಿರು ನಿರಾಳವಾಯಿತು, ಮೈ ಹಗುರಾಯಿತು, ನಿಗಮ ಸೇರಿದಂದಿನಿಂದ ಕಂಡಿರದ ಸುಖ ಹರಿಯಿತು. ಅವನಿಗೆ ತಡೆಯಲಾರದ ಸಿಟ್ಟು ಬಂತು. ಗೋಡೆಯನ್ನು ನೋಡುತ್ತಿದ್ದಂತೆ ಅದೂ ಇಳಿದುಹೋಯಿತು.